3.4 ಮತ್ತು 3.35: ಏಳನೇ ತರಗತಿಯ ಒಂದು ಪ್ರಕರಣ

ಕೊಪ್ಪಳ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರು ಮತ್ತು ಏಳನೇ ತರಗತಿಗಳಿಗೆ ಗಣಿತ ಕಲಿಸುತ್ತಿದ್ದೇನೆ. ಕ್ಲಸ್ಟರ್ ಮಟ್ಟದ ಕ್ರೀಡಾಕೂಟಕ್ಕೆ ನಮ್ಮ ಶಾಲೆಯಿಂದ ಯಾರು ಹೋಗಬೇಕೆಂದು ಆಯ್ಕೆ ಮಾಡುವ ದಿನ, ಉದ್ದ ಜಿಗಿತದ ಮರಳಿನ ಅಂಕಣದ ಬಳಿ ಅಳತೆ ಬರೆದುಕೊಳ್ಳುವ ಕೆಲಸವನ್ನು ಏಳನೇ ತರಗತಿಯ ಒಬ್ಬ ಹುಡುಗಿಗೆ ಒಪ್ಪಿಸಲಾಗಿತ್ತು. ಟೇಪು ಹಿಡಿಯುವವರು ಇಬ್ಬರು, ಬರೆಯುವವಳು ಅವಳೊಬ್ಬಳು. ಕೊನೆಗೆ ಉಳಿದ ಇಬ್ಬರು ಹುಡುಗಿಯರ ಅತ್ಯುತ್ತಮ ಜಿಗಿತಗಳನ್ನು ಅವಳು 3.4 ಮತ್ತು 3.35 ಎಂದು ಬರೆದು, 3.35ರ ಸುತ್ತ ಪೆನ್ನಿನಿಂದ ಗುಂಡು ಸುತ್ತಿ, ‘ಪ್ರಥಮ’ ಎಂದು ಗುರುತು ಮಾಡಿದಳು. ಸುತ್ತ ನಿಂತಿದ್ದ ಮಕ್ಕಳಲ್ಲಿ ಯಾರೂ ತಕರಾರು ತೆಗೆಯಲಿಲ್ಲ. 3.4 ಜಿಗಿದವಳೂ ತೆಗೆಯಲಿಲ್ಲ. ಅವಳು ಕಾಲಿಗೆ ಹತ್ತಿದ ಮರಳನ್ನು ಕೊಡವಿಕೊಂಡು ಚಪ್ಪಲಿ ಹುಡುಕತೊಡಗಿದ್ದಳು. ತಾನು ಗೆದ್ದದ್ದು ತನಗೇ ಗೊತ್ತಾಗದೆ ಒಂದು ಮಗು ಅಂಗಳದಿಂದ ಹೊರಟುಹೋಗುವುದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಬರೆದವಳನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಇದ್ಯಾಕವ್ವಾ ಪ್ರಥಮ?”

“ಮೂವತ್ತೈದು ದೊಡ್ಡದಲ್ರಿ ಸರ. ಅದು ಬರೇ ನಾಕ ಐತಿ.”

“ಟೇಪಿನ್ಯಾಗ ಎಷ್ಟಿತ್ತು?”

“ಮೂರು ಮೀಟರ್ ನಲವತ್ತು ಇತ್ರಿ.”

“ಮತ್ತ ನಲವತ್ತಂತ ಯಾಕ ಬರೀಲಿಲ್ಲ?”

“ಕಡೀ ಸೊನ್ನಿಗೆ ಬೆಲಿ ಇಲ್ಲಂತ ನೀವ ಹೇಳೀರಲ್ರಿ.”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಟೇಪಿನ ಮೇಲೆ ನಲವತ್ತನ್ನು ಕಣ್ಣಾರೆ ಕಂಡವಳು ಅವಳೇ. ನಾನು ಹೇಳಿಕೊಟ್ಟ ನಿಯಮದಂತೆ ಸೊನ್ನೆಯನ್ನು ಬಿಟ್ಟವಳೂ ಅವಳೇ. ಬಿಟ್ಟ ಮರುಕ್ಷಣ ಆ ನಲವತ್ತು ಅವಳ ಮನಸ್ಸಿನಲ್ಲಿ ನಾಲ್ಕಾಗಿ ಹೋಗಿತ್ತು. ಅವಳು ಅಜಾಗರೂಕಳಾಗಿರಲಿಲ್ಲ. ದಶಮಾಂಶದ ಘಟಕಪರೀಕ್ಷೆಯಲ್ಲಿ ಹೋಲಿಕೆಯ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದಳು. ಆಯ್ಕೆಯನ್ನು ಆ ದಿನವೇ ಸರಿಪಡಿಸಿದೆವು, 3 ಮೀಟರ್ 40 ಸೆಂಟಿಮೀಟರ್ ಜಿಗಿದವಳ ಹೆಸರೇ ಮುಂದೆ ಹೋಯಿತು. ಆದರೆ ಪೂರ್ಣ ಅಂಕ ಪಡೆದ ಮಗು ಅಂಗಳದಲ್ಲಿ ಎಡವಿದ್ದೇಕೆ ಎಂಬುದನ್ನು ತಿಳಿಯದೆ ಮುಂದಿನ ಪಾಠಕ್ಕೆ ಹೋಗುವುದು ಸರಿಯೆನಿಸಲಿಲ್ಲ. ಮುಂದಿನ ಆರು ವಾರ ಆ ತರಗತಿಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ನೋಡಿದೆ. ನಾನು ಕೇಳಿದ್ದ ಪ್ರಶ್ನೆ ಹೀಗಿತ್ತು: 2.35, 2.53, 2.05, 2.50 ಇವುಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ. ಬಹುತೇಕ ಎಲ್ಲರೂ ಸರಿಯಾಗಿ ಬರೆದಿದ್ದರು. ಈಗ ಅದೇ ಪ್ರಶ್ನೆಯನ್ನು ಮರಳಿನ ಬಳಿಯ ಹುಡುಗಿಯ ಕಣ್ಣಿನಿಂದ ನೋಡಿದಾಗ ದೋಷ ಎದ್ದು ಕಂಡಿತು. ನಾಲ್ಕೂ ಸಂಖ್ಯೆಗಳಲ್ಲಿ ಬಿಂದುವಿನ ಬಲಕ್ಕೆ ಎರಡೆರಡೇ ಅಂಕಿಗಳಿವೆ. ಬಿಂದುವನ್ನು ಅಳಿಸಿ 235, 253, 205, 250 ಎಂದು ಓದಿಕೊಂಡರೂ ಉತ್ತರ ಸರಿಯಾಗಿಯೇ ಬರುತ್ತದೆ. ಹಾಗಾದರೆ ನನ್ನ ಪ್ರಶ್ನೆ ಅಳೆದದ್ದು ಮೂರನೇ ತರಗತಿಯಲ್ಲಿ ಕಲಿತ ಪೂರ್ಣಸಂಖ್ಯೆಗಳ ಹೋಲಿಕೆಯನ್ನೇ ಹೊರತು ದಶಮಾಂಶದ ತಿಳಿವಳಿಕೆಯನ್ನಲ್ಲ. ಅಂಕಿಗಳ ಉದ್ದ ಬೇರೆ ಬೇರೆ ಇದ್ದಾಗ ಮಾತ್ರ ಮಗು ಬಿಂದುವನ್ನು ಹೇಗೆ ಓದುತ್ತಿದೆ ಎಂಬುದು ಹೊರಬೀಳುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನ್‌ಲೆ ಅವರು ದಶಮಾಂಶ ಹೋಲಿಕೆಯ ಪರೀಕ್ಷೆಯೊಂದನ್ನು ರೂಪಿಸಿದ್ದಾರೆ. ಅದರಲ್ಲಿ ಸಂಖ್ಯೆಗಳ ಜೋಡಿಗಳನ್ನು ಆರಿಸಿರುವುದು ಒಟ್ಟು ಅಂಕ ಲೆಕ್ಕ ಹಾಕುವುದಕ್ಕಲ್ಲ, ಮಗು ಯಾವ ಜೋಡಿಯಲ್ಲಿ ತಪ್ಪಿತು ಎಂಬುದರಿಂದ ಅದರ ಆಲೋಚನೆಯ ಜಾಡನ್ನು ಹಿಡಿಯುವುದಕ್ಕೆ. ಆ ದಾರಿಯಲ್ಲಿಯೇ ನಾನು ಹತ್ತು ಜೋಡಿಗಳನ್ನು ಬರೆದುಕೊಂಡೆ: 0.4 ಮತ್ತು 0.35; 2.8 ಮತ್ತು 2.63, 5.736 ಮತ್ತು 5.62, 0.75 ಮತ್ತು 0.8, 1.06 ಮತ್ತು 1.3, 0.3 ಮತ್ತು 0.30, 4.7 ಮತ್ತು 4.08, 17.35 ಮತ್ತು 17.353, 0 ಮತ್ತು 0.6, 3.92 ಮತ್ತು 3.481. ದೊಡ್ಡದಕ್ಕೆ ಗುಂಡು ಸುತ್ತಬೇಕು, ಎರಡೂ ಸಮ ಎನಿಸಿದರೆ ನಡುವೆ ಸಮ ಚಿಹ್ನೆ ಹಾಕಬೇಕು. ಅಂಕ ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದೆ.

ಹಾಳೆಗಳನ್ನು ಹರವಿಕೊಂಡು ಕೂತಾಗ ತಪ್ಪುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ತರಗತಿಯ ದೊಡ್ಡ ಗುಂಪೊಂದು ಹತ್ತರಲ್ಲಿ ಮೂರು ಜೋಡಿಗಳನ್ನು ಮಾತ್ರ ಸರಿಮಾಡಿತ್ತು, ಅದೂ ಎಲ್ಲರೂ ಅವೇ ಮೂರು ಜೋಡಿಗಳನ್ನು: 5.736, 17.353 ಮತ್ತು 0.6. ಬಿಂದುವಿನ ಬಲಕ್ಕಿರುವುದನ್ನು ಒಂದು ಪೂರ್ಣಸಂಖ್ಯೆಯಂತೆ ಓದಿ, ಉದ್ದವಾಗಿರುವುದೇ ದೊಡ್ಡದು ಎಂದು ಭಾವಿಸುವ ಮಗು ಸರಿಯಾಗಿ ಆ ಮೂರನ್ನೇ ಗೆಲ್ಲುತ್ತದೆ. ಅಂಗಳದಲ್ಲಿ ಅಳತೆ ಬರೆದ ಹುಡುಗಿ ಈ ಗುಂಪಿನಲ್ಲಿದ್ದಳು. ಇದೇ ರೀತಿ ಯೋಚಿಸುವ ಬೇರೆ ಕೆಲವರು 1.06 ಮತ್ತು 4.08ರಲ್ಲಿ ಬಿಂದುವಿನ ಪಕ್ಕದ ಸೊನ್ನೆಯನ್ನು ಕಂಡು ಎಚ್ಚರಗೊಂಡು ಆ ಎರಡನ್ನೂ ಸರಿಮಾಡಿದ್ದರು, ಉಳಿದೆಡೆ ಮೊದಲಿನಂತೆಯೇ ತಪ್ಪಿದ್ದರು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಏಳು ಅಂಕದ ಹಾಳೆಗಳು. ಅವು ಕೆಲವೇ ಇದ್ದವು, ಆದರೆ ಅವುಗಳಲ್ಲೊಂದು ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಎಂದು ನಾನು ತಿಳಿದಿದ್ದ ಹುಡುಗಿಯದು. ಅವಳು ತಪ್ಪಿದ್ದು 5.736, 17.353 ಮತ್ತು 0.30 ಇರುವ ಜೋಡಿಗಳಲ್ಲಿ ಮಾತ್ರ. ಉಳಿದ ಏಳೂ ಸರಿ. ಸಾಮಾನ್ಯ ಪರೀಕ್ಷೆಯಾಗಿದ್ದರೆ ನಾನು ಅವಳನ್ನು ಬಲ್ಲವರ ಸಾಲಿಗೆ ಸೇರಿಸಿ, ಮೂರು ಅಂಕದವರಿಗಷ್ಟೇ ಮರುಪಾಠ ಮಾಡುತ್ತಿದ್ದೆ. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಅವಳೊಂದಿಗೆ ಕೂತು, 5.62 ಹೇಗೆ ದೊಡ್ಡದಾಯಿತೆಂದು ಹೇಳು ಎಂದೆ. ಅವಳ ಉತ್ತರದಲ್ಲಿ ತಡವರಿಕೆಯೇ ಇರಲಿಲ್ಲ.

“ಸಾವಿರ ಪಾಲು ಮಾಡಿದ್ರ ಒಂದೊಂದು ಪಾಲು ಸಣ್ಣದಾಕೈತಲ್ರಿ. ನೂರು ಪಾಲು ಮಾಡಿದ್ರ ದೊಡ್ಡದಿರ್ತೈತಿ. ಇದು ಸಾವಿರದ್ದು, ಇದು ನೂರರದ್ದು. ಅದಕ್ಕ ಇದು ದೊಡ್ಡದ್ರಿ.”

ಅವಳು ಹೇಳಿದ ಮೊದಲೆರಡು ವಾಕ್ಯಗಳಲ್ಲಿ ಒಂದಿಷ್ಟೂ ತಪ್ಪಿಲ್ಲ. ಸಾವಿರದಲ್ಲಿ ಒಂದು ಪಾಲು ನೂರರಲ್ಲಿ ಒಂದು ಪಾಲಿಗಿಂತ ಚಿಕ್ಕದು. ಆದರೆ ಅಂಥ ಪಾಲುಗಳು ಎಷ್ಟಿವೆ ಎಂಬುದನ್ನು ಅವಳು ಕೈಬಿಟ್ಟಿದ್ದಳು. ಮೂರು ಅಂಕದ ಮಗು ಎಷ್ಟು ಪಾಲುಗಳು ಎಂಬುದನ್ನು ನೋಡುತ್ತದೆ, ಎಂಥ ಪಾಲು ಎಂಬುದನ್ನು ಬಿಡುತ್ತದೆ; ಏಳು ಅಂಕದ ಮಗು ಎಂಥ ಪಾಲು ಎಂಬುದನ್ನು ನೋಡುತ್ತದೆ, ಎಷ್ಟು ಎಂಬುದನ್ನು ಬಿಡುತ್ತದೆ. ಇಬ್ಬರೂ ಅರ್ಧ ದಾರಿಯಲ್ಲಿಯೇ ಇದ್ದಾರೆ, ಒಬ್ಬರು ಈ ದಡದಲ್ಲಿ, ಇನ್ನೊಬ್ಬರು ಆ ದಡದಲ್ಲಿ. ಈ ಇಬ್ಬರಿಗೂ ಒಂದೇ ಮರುಪಾಠ ಸಾಲದು. ಉದ್ದವಾದದ್ದು ದೊಡ್ಡದಲ್ಲ ಎಂದು ಮೊದಲನೆಯವರಿಗೆ ಒತ್ತಿ ಹೇಳಿದರೆ ಅವರು ನೇರವಾಗಿ ಎರಡನೆಯ ದಡಕ್ಕೆ ಹೋಗಿ ನಿಲ್ಲುತ್ತಾರೆ, ಅಂಕ ಮೂರರಿಂದ ಏಳಕ್ಕೆ ಏರುತ್ತದೆ, ಶಿಕ್ಷಕನಿಗೆ ಪಾಠ ಫಲಿಸಿತೆಂಬ ಸಮಾಧಾನವೂ ಸಿಗುತ್ತದೆ. ಹಿಂದಿನ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಇದು ಆಗಿರಲೇಬೇಕು ಎಂದು ಈಗ ಅನಿಸುತ್ತದೆ.

ಇನ್ನೊಂದು ಚಿಕ್ಕ ಗುಂಪು ಒಂಬತ್ತನ್ನು ಸರಿಮಾಡಿ, 17.35 ಮತ್ತು 17.353 ಎರಡೂ ಸಮ ಎಂದು ಬರೆದಿತ್ತು. ಎರಡು ಸ್ಥಾನಗಳ ಆಚೆ ಏನೂ ಇಲ್ಲ ಎಂಬುದು ಇವರ ನಂಬಿಕೆ.

ಇಷ್ಟು ಗಟ್ಟಿಯಾದ ತಪ್ಪು ನಂಬಿಕೆಗಳು ಎಲ್ಲಿಂದ ಬಂದವು ಎಂದು ಹುಡುಕಿದಾಗ, ಮಕ್ಕಳು ದಿನನಿತ್ಯ ಕಾಣುವ ಬಿಂದುಗಳ ಕಡೆಗೆ ಗಮನ ಹರಿಯಿತು. ಡೇರಿಯಲ್ಲಿ ಹಾಲು ಹಾಕಿ ಚೀಟಿ ತರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಫ್ಯಾಟ್ 3.9ಕ್ಕಿಂತ 4.1 ಬಂದರೆ ದರ ಹೆಚ್ಚು ಸಿಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಆ ಚೀಟಿಯಲ್ಲಿ ಫ್ಯಾಟಿನ ಅಂಕಿ ಬಿಂದುವಿನ ನಂತರ ಒಂದೇ ಸ್ಥಾನಕ್ಕೆ ನಿಲ್ಲುತ್ತದೆ. ಪೆಟ್ರೋಲ್ ಬಂಕಿನ ಯಂತ್ರದಲ್ಲಿ ಲೀಟರಿನ ಅಂಕಿ ಎರಡು ಸ್ಥಾನಕ್ಕೆ ನಿಲ್ಲುತ್ತದೆ. ನಮ್ಮ ಬಿಸಿಯೂಟದ ದಾಸ್ತಾನು ಪುಸ್ತಕದಲ್ಲಿ ಮೂರು ಸ್ಥಾನ. ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕ. 28 ಮಕ್ಕಳು ಹಾಜರಿದ್ದ ದಿನ 4.200 ಎಂದು ಬರೆಯುತ್ತೇವೆ, ಅಡುಗೆಯವರು ಅದನ್ನು ನಾಲ್ಕು ಕೆಜಿ ಇನ್ನೂರು ಗ್ರಾಂ ಎಂದು ಓದುತ್ತಾರೆ. ಅಂದರೆ ಮಗು ಬದುಕುವ ಒಂದೊಂದು ಜಾಗದಲ್ಲೂ ಬಿಂದುವಿನ ನಂತರದ ಸ್ಥಾನಗಳು ನಿಗದಿಯಾಗಿವೆ. ಒಂದೇ ಜಾಗದ ಎರಡು ಅಂಕಿಗಳನ್ನು ಹೋಲಿಸುವಾಗ ಬಲಭಾಗವನ್ನು ಪೂರ್ಣಸಂಖ್ಯೆಯಂತೆ ಓದಿದರೆ ಎಂದಿಗೂ ಮೋಸವಾಗುವುದಿಲ್ಲ. ಉದ್ದ ಬೇರೆ ಬೇರೆ ಇರುವ ಸಂಖ್ಯೆಗಳು ಎದುರಾಗುವುದು ಗಣಿತದ ಪುಸ್ತಕದಲ್ಲಿ ಮಾತ್ರ. ಮಗುವಿನ ನಿಯಮ ಸೋಮಾರಿತನದಿಂದ ಹುಟ್ಟಿದ್ದಲ್ಲ, ಅದು ಊರೆಲ್ಲ ನಡೆಯುವ ನಿಯಮ.

ಪಠ್ಯದಲ್ಲಿ ರೂಪಾಯಿ ಮತ್ತು ಪೈಸೆಯ ಉದಾಹರಣೆಗಳಿರುತ್ತವೆ, ನಾನೂ ಅವುಗಳನ್ನೇ ನೆಚ್ಚಿಕೊಂಡಿದ್ದೆ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿಯಾದಾಗ ಆ ಉದಾಹರಣೆಗೆ ಜೀವವಿತ್ತು. 2011ರ ಜೂನ್ ಅಂತ್ಯಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆಯೇ ನಿಂತಿತು. ಇಂದಿನ ಏಳನೇ ತರಗತಿಯ ಮಗು ಪೈಸೆಯನ್ನು ಕೈಯಲ್ಲಿ ಹಿಡಿದಿಲ್ಲ. ಹಿಡಿದಿದ್ದರೂ ರೂಪಾಯಿಯ ಲೆಕ್ಕ ಎರಡು ಸ್ಥಾನಕ್ಕೇ ಮುಗಿಯುವುದರಿಂದ 17.35 ಮತ್ತು 17.353 ಸಮವೆಂಬ ನಂಬಿಕೆಗೆ ಅದು ನೀರೆರೆಯುತ್ತಿತ್ತೇ ಹೊರತು ಅದನ್ನು ಅಲುಗಿಸುತ್ತಿರಲಿಲ್ಲ.

ಎಲ್ಲಕ್ಕಿಂತ ಗಂಭೀರವಾದ ತೊಡಕು ಹೊಲದಿಂದ ಬಂದಿತು. 2.20 ಮತ್ತು 2.5 ಇವುಗಳಲ್ಲಿ ಯಾವುದು ದೊಡ್ಡದು ಎಂದು ಹಲಗೆಯ ಮೇಲೆ ಬರೆದಾಗ, ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತು, “ಎರಡೂ ಒಂದಽ ರಿ ಸರ” ಎಂದ. ಹೇಗೆ ಎಂದು ಕೇಳಿದೆ. “ನಮ್ಮ ಹೊಲದ ಪಹಣ್ಯಾಗ ಎರಡು ಪಾಯಿಂಟ್ ಇಪ್ಪತ್ತು ಐತ್ರಿ. ನಮ್ಮಪ್ಪ ಎರಡೂವರೆ ಎಕರೆ ಅಂತಾನ್ರಿ.” ಅವನ ತಂದೆ ಹೇಳಿದ್ದು ಸರಿ. ಒಂದು ಎಕರೆಗೆ ನಲವತ್ತು ಗುಂಟೆ. ಇಪ್ಪತ್ತು ಗುಂಟೆ ಎಂದರೆ ಅರ್ಧ ಎಕರೆ. ಎಕರೆ ಮತ್ತು ಗುಂಟೆಯ ನಡುವೆ ಹಾಕುವ ಚುಕ್ಕೆ ದಶಮಾಂಶ ಬಿಂದುವಲ್ಲ, ಎರಡು ಬೇರೆ ಮಾನಗಳನ್ನು ಬಿಡಿಸುವ ಗೆರೆ ಅಷ್ಟೆ. ಆದರೆ ಅದನ್ನು ಮಗುವಿಗೆ ಯಾರು ಯಾವಾಗ ಹೇಳಿದ್ದಾರೆ? ಅವನನ್ನು ಹಲಗೆಯ ಬಳಿಗೇ ಕರೆದು, ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2-20 ಎಂದು ಅಡ್ಡಗೆರೆ ಹಾಕಿ ಬರೆಯಿಸಿದೆ, ಅದರ ಕೆಳಗೆ 2.5 ಎಂದು ಬರೆಯಿಸಿದೆ. ಬಳಿಕ ತರಗತಿ ತಾನಾಗಿಯೇ ಇಂಥ ಇತರ ಚುಕ್ಕೆಗಳನ್ನು ಹುಡುಕಿತು. ಕ್ರಿಕೆಟ್ಟಿನಲ್ಲಿ 4.5 ಓವರ್ ಆದ ಮೇಲೆ ಒಂದು ಚೆಂಡು ಎಸೆದರೆ 5 ಆಗುತ್ತದೆ, ಗಂಟೆ 9.30 ಎಂದರೆ ಒಂಬತ್ತೂವರೆ. ಪುಸ್ತಕದಲ್ಲಿ ಅಭ್ಯಾಸ 2.9ರ ನಂತರ ಬರುವುದು 2.10. ಗುಂಟೆಯಲ್ಲಿ ನಲವತ್ತು, ಚೆಂಡಿನಲ್ಲಿ ಆರು, ನಿಮಿಷದಲ್ಲಿ ಅರವತ್ತು. ದಶಮಾಂಶದಲ್ಲಿ ಮಾತ್ರ ಪ್ರತಿ ಹೆಜ್ಜೆಗೂ ಹತ್ತು. ಈ ಪಟ್ಟಿಯನ್ನು ಮಕ್ಕಳೇ ಒಂದು ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದರು.

ಇನ್ನು ಕಲಿಸುವ ಬಗೆಯ ವಿಚಾರ. ಇಷ್ಟು ವರ್ಷ ನಾನು ಕಲಿಸುತ್ತಿದ್ದ ಉಪಾಯವೆಂದರೆ ಬಲಕ್ಕೆ ಸೊನ್ನೆಗಳನ್ನು ಸೇರಿಸಿ ಎರಡೂ ಸಂಖ್ಯೆಗಳ ಉದ್ದವನ್ನು ಸಮ ಮಾಡಿ ಹೋಲಿಸುವುದು. 0.4ನ್ನು 0.40 ಎಂದು ಬರೆದರೆ ನಲವತ್ತು ಮೂವತ್ತೈದಕ್ಕಿಂತ ದೊಡ್ಡದೆಂದು ಯಾರಿಗಾದರೂ ಕಾಣುತ್ತದೆ. ಉತ್ತರ ಸರಿಬರುವುದರಲ್ಲಿ ಸಂಶಯವಿಲ್ಲ. ಆದರೆ ಈ ಉಪಾಯ ಮಗುವಿನ ತಪ್ಪು ಓದನ್ನು ತಿದ್ದುವುದಿಲ್ಲ. ಬಲಭಾಗವನ್ನು ಪೂರ್ಣಸಂಖ್ಯೆಯಂತೆಯೇ ಓದು, ಓದುವ ಮೊದಲು ಉದ್ದ ಸಮ ಮಾಡಿಕೋ ಎಂದು ಹೇಳಿ ಆ ಓದನ್ನು ಇನ್ನಷ್ಟು ಭದ್ರ ಮಾಡುತ್ತದೆ. ಸೊನ್ನೆ ಸೇರಿಸಿದರೆ ಬೆಲೆ ಏಕೆ ಬದಲಾಗುವುದಿಲ್ಲ ಎಂಬುದು ತಿಳಿಯದ ಮಗು ಕೆಲವು ತಿಂಗಳ ನಂತರ ಸೊನ್ನೆಯನ್ನು ಯಾವ ಕಡೆ ಸೇರಿಸಬೇಕೆಂಬುದನ್ನೇ ಮರೆಯುತ್ತದೆ, 0.4ನ್ನು 0.04 ಮಾಡಿಕೊಂಡು ಬರುತ್ತದೆ. ಆದ್ದರಿಂದ ಈ ಸಲ ಸೊನ್ನೆಯ ಉಪಾಯವನ್ನು ಬದಿಗಿಟ್ಟು, ಪಾಲಿನ ಗಾತ್ರ ಮತ್ತು ಪಾಲಿನ ಸಂಖ್ಯೆ ಎರಡನ್ನೂ ಒಟ್ಟಿಗೆ ಕಣ್ಣಿಗೆ ಕಾಣಿಸುವ ಸಾಧನ ಬೇಕೆಂದುಕೊಂಡೆ.

ನಮ್ಮ ಭಾಗದಲ್ಲಿ ದಾಳಿಂಬೆ ತೋಟಗಳಿಗೆ ಹಾಸುವ ಕಪ್ಪು ಡ್ರಿಪ್ ಪೈಪ್ ಯಥೇಚ್ಛವಾಗಿ ಸಿಗುತ್ತದೆ. ಹಳೆಯ ಪೈಪಿನ ಸುರುಳಿಯೊಂದನ್ನು ಮಕ್ಕಳೇ ತಂದರು. ಒಂದು ಮೀಟರ್ ಉದ್ದದ ತುಂಡುಗಳು, ಅದರ ಹತ್ತರಲ್ಲೊಂದು ಪಾಲಿನವು, ಮತ್ತೆ ಅದರ ಹತ್ತರಲ್ಲೊಂದು ಪಾಲಿನವು ಎಂದು ಮೂರು ಬಗೆಯಾಗಿ ಕತ್ತರಿಸಿ, ಮೂರು ಡಬ್ಬಿಗಳಲ್ಲಿ ಹಾಕಿಕೊಂಡೆವು. ಉದ್ದನೆಯದನ್ನು ‘ಒಂದು’ ಎಂದೇ ಕರೆಯಬೇಕು, ಮೀಟರ್ ಎನ್ನಬಾರದು ಎಂದು ಒಪ್ಪಂದ ಮಾಡಿಕೊಂಡಿದ್ದೆವು, ಏಕೆಂದರೆ ಸೆಂಟಿಮೀಟರ್ ಎಂದ ಕೂಡಲೇ ಮಕ್ಕಳು ಮತ್ತೆ ಪೂರ್ಣಸಂಖ್ಯೆಗಳಿಗೆ ಜಾರುತ್ತಾರೆ. ಹೆಸರುಗಳ ವಿಷಯದಲ್ಲಿಯೂ ಒಂದು ಬದಲಾವಣೆ ಮಾಡಿದೆ. ದಶಾಂಶ, ಶತಾಂಶ ಎಂಬ ಪಠ್ಯದ ಮಾತುಗಳಲ್ಲಿ ಶತ ಎಂಬುದು ದಶಕ್ಕಿಂತ ದೊಡ್ಡದಾಗಿ ಕೇಳಿಸುತ್ತದೆ. ಹತ್ತರ ಸ್ಥಾನ, ನೂರರ ಸ್ಥಾನಗಳ ಜೊತೆ ಅವು ಕಲಸಿಹೋಗುತ್ತವೆ. ‘ಹತ್ತರಲ್ಲೊಂದು’, ‘ನೂರರಲ್ಲೊಂದು’ ಎಂದು ಕನ್ನಡದಲ್ಲಿಯೇ ಬಿಡಿಸಿ ಹೇಳಿದಾಗ ಪಾಲು ಸಣ್ಣದಾಗುತ್ತ ಹೋಗುವುದು ಮಾತಿನಲ್ಲಿಯೇ ಕೇಳುತ್ತದೆ. 0.35ನ್ನು ಹತ್ತರಲ್ಲೊಂದು ಮೂರು, ನೂರರಲ್ಲೊಂದು ಐದು ಎಂದು ಓದಿದೆವು. ‘ಪಾಯಿಂಟ್ ಮೂವತ್ತೈದು’ ಎಂಬ ಓದನ್ನು ಅಷ್ಟು ದಿನ ತಡೆಹಿಡಿದೆವು.

ಮೊದಲ ದಿನ 0.4 ಮತ್ತು 0.35 ಇವೆರಡನ್ನೂ ಕಬ್ಬಿಣದ ತಂತಿಗೆ ಪೋಣಿಸಲು ಹೇಳಿದೆ. ಮೂರು ಅಂಕದ ಗುಂಪಿನ ಒಬ್ಬ ಹುಡುಗ ಒಂದು ತಂತಿಗೆ ಹತ್ತರಲ್ಲೊಂದರ ನಾಲ್ಕು ತುಂಡುಗಳನ್ನು, ಇನ್ನೊಂದಕ್ಕೆ ಅಂಥವೇ ಮೂರು ತುಂಡುಗಳನ್ನೂ ನೂರರಲ್ಲೊಂದರ ಐದು ತುಂಡುಗಳನ್ನೂ ಸರಿಯಾಗಿಯೇ ಪೋಣಿಸಿದ. ಪೋಣಿಸಿದ ಮೇಲೆ ಉದ್ದವನ್ನು ನೋಡದೆ ತುಂಡುಗಳನ್ನು ಎಣಿಸಿದ. “ಇದರಾಗ ನಾಕ, ಇದರಾಗ ಎಂಟು. ಎಂಟು ದೊಡ್ಡದ್ರಿ” ಎಂದ. ಸಾಧನ ಕೈಯಲ್ಲಿದ್ದ ಮಾತ್ರಕ್ಕೆ ತಿಳಿವು ಬರುವುದಿಲ್ಲ ಎಂಬುದು ನನಗೆ ಆ ಕ್ಷಣ ಸ್ಪಷ್ಟವಾಯಿತು. ನಾನು ಏನೂ ಹೇಳದೆ, ಎರಡೂ ತಂತಿಗಳನ್ನು ಗೋಡೆಗೆ ಒತ್ತಿ ಪಕ್ಕಪಕ್ಕದಲ್ಲಿ ನೆಲದ ಮೇಲೆ ಇಡು ಎಂದೆ. ಇಟ್ಟ. ಮೊದಲ ಮೂರು ತುಂಡುಗಳು ಎರಡರಲ್ಲೂ ಸರಿಸಮವಾಗಿ ಕೂತವು. ನಾಲ್ಕನೇ ತುಂಡಿನ ಪಕ್ಕದಲ್ಲಿ ಐದು ಸಣ್ಣ ತುಂಡುಗಳು ಅರ್ಧಕ್ಕೆ ನಿಂತಿದ್ದವು. ಅವನು ಬಹಳ ಹೊತ್ತು ಅಲ್ಲಿಯೇ ಬೆರಳಿಟ್ಟುಕೊಂಡು ಕೂತಿದ್ದು, ಕೊನೆಗೆ ತಲೆ ಎತ್ತದೆಯೇ, “ತುಂಡು ಜಾಸ್ತಿ ಅದಾವ್ರಿ, ಆದ್ರ ಉದ್ದ ಕಡಿಮಿ ಐತಿ” ಎಂದ. ನಾನು ಎರಡು ವರ್ಷದಿಂದ ಅವನಿಗೆ ಹೇಳಲು ಪ್ರಯತ್ನಿಸುತ್ತಿದ್ದುದು ಇದನ್ನೇ.

ಅವನನ್ನು ಅಲ್ಲಿಗೇ ಬಿಡಲಿಲ್ಲ. ಸಣ್ಣ ತುಂಡುಗಳನ್ನು ಇನ್ನೂ ಸೇರಿಸುತ್ತ ಹೋಗು, ಆದರೆ ಹತ್ತಾಗಬಾರದು, ನಾಲ್ಕನೇ ತುಂಡನ್ನು ದಾಟಲು ಆಗುತ್ತದೆಯೇ ನೋಡು ಎಂದೆ. ಆರು, ಏಳು, ಎಂಟು, ಒಂಬತ್ತು. ಒಂಬತ್ತಕ್ಕೂ ಒಂದು ಸಣ್ಣ ತುಂಡಿನಷ್ಟು ಜಾಗ ಉಳಿಯಿತು. ಆ ಉಳಿದ ಜಾಗದಲ್ಲಿ ಸಾವಿರದಲ್ಲೊಂದರ ತುಂಡುಗಳನ್ನು ಇಟ್ಟರೆ? ಅಷ್ಟು ತೆಳುವಾಗಿ ಪೈಪನ್ನು ಕತ್ತರಿಸಲಾಗದು, ಹಾಗಾಗಿ ಗ್ರಾಫ್ ಹಾಳೆಯನ್ನು ತಂದು ಪಕ್ಕಕ್ಕೆ ಇಟ್ಟು ಅದರ ಸಣ್ಣ ಗೆರೆಗಳನ್ನು ಎಣಿಸಿದೆವು. ಒಂಬತ್ತು ಗೆರೆ ಮುಂದೆ ಹೋದರೂ ಒಂದು ಗೆರೆಯ ಜಾಗ ಉಳಿಯಿತು. 0.39 ಆಗಲಿ, 0.399 ಆಗಲಿ, 0.3999 ಆಗಲಿ 0.4ನ್ನು ಮುಟ್ಟುವುದಿಲ್ಲ. ಎಡದಿಂದ ಹೋಲಿಸುತ್ತ ಬಂದು, ಅಂಕಿಗಳು ಮೊದಲು ಬೇರೆಯಾದ ಸ್ಥಾನದಲ್ಲಿಯೇ ತೀರ್ಪು ಕೊಡಬಹುದು, ಬಲಕ್ಕೆ ಎಷ್ಟೇ ಅಂಕಿಗಳಿದ್ದರೂ ಅವು ಆ ತೀರ್ಪನ್ನು ಬದಲಿಸಲಾರವು ಎಂಬ ನಿಯಮದ ಹಿಂದಿರುವ ಕಾರಣ ಇದೇ. ನಿಯಮವನ್ನು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ. ಕಾರಣವನ್ನು ಮಕ್ಕಳಿಗೆ ತೋರಿಸಿದ್ದು ಇದೇ ಮೊದಲು.

ಏಳು ಅಂಕದ ಹುಡುಗಿಗೆ ಬೇರೆ ಜೋಡಿಯನ್ನು ಕೊಟ್ಟೆ. ಅವಳಿಗೆ 0.4 ಮತ್ತು 0.35ರಿಂದ ಪ್ರಯೋಜನವಿಲ್ಲ, ಅವಳ ತಪ್ಪು ನಿಯಮಕ್ಕೂ ಅಲ್ಲಿ ಸರಿ ಉತ್ತರವೇ ಸಿಗುತ್ತದೆ. 0.73 ಮತ್ತು 0.6 ಇವನ್ನು ಪೋಣಿಸಲು ಹೇಳಿದೆ. ಪೋಣಿಸುವ ಮೊದಲು ಊಹೆ ಹೇಳು ಎಂದಾಗ 0.6 ದೊಡ್ಡದೆಂದಳು. ಏಳನೆಯ ತುಂಡನ್ನು ತಂತಿಗೆ ಹಾಕುವಾಗಲೇ ಅವಳ ಕೈ ನಿಂತಿತು. “ಅದು ಆರಕ್ಕಽ ಮುಗೀತಲ್ರಿ” ಎಂದು ತಾನೇ ಹೇಳಿಕೊಂಡು, ಉಳಿದ ಸಣ್ಣ ತುಂಡುಗಳನ್ನು ಹಾಕದೆ ತಂತಿಯನ್ನು ಕೆಳಗಿಟ್ಟಳು. ಸಣ್ಣ ಪಾಲುಗಳು ಇರುವುದು ದೊಡ್ಡ ಪಾಲುಗಳಿಗೆ ಬದಲಾಗಿ ಅಲ್ಲ, ಅವುಗಳ ಜೊತೆಗೆ ಎಂಬುದು ಅವಳಿಗೆ ಹೊಳೆದದ್ದು ಆಗ. ಅಲ್ಲಿಯವರೆಗೆ ಅವಳ ಪಾಲಿಗೆ 0.73 ಎಂದರೆ ಎಲ್ಲವೂ ನೂರರಲ್ಲೊಂದರ ತುಂಡುಗಳೇ ಆಗಿದ್ದವು.

ತುಂಡುಗಳಿಂದ ಬರಹಕ್ಕೆ ಮರಳುವಾಗ ಇತಿಹಾಸದ ಒಂದು ವಿಷಯ ನೆರವಾಯಿತು. ಫ್ಲಾಂಡರ್ಸ್‌ನ ಸೈಮನ್ ಸ್ಟೆವಿನ್ 1585ರಲ್ಲಿ ದಶಮಾಂಶಗಳ ಬಗ್ಗೆ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ ಬಿಂದುವನ್ನು ಬಳಸಲಿಲ್ಲ. ಪ್ರತಿ ಅಂಕಿಯ ಜೊತೆ ಸುತ್ತುಹಾಕಿದ 0, 1, 2, 3 ಎಂಬ ಗುರುತನ್ನು ಬರೆದು, ಅದು ಎಷ್ಟನೆಯ ಸಲ ಹತ್ತು ಪಾಲು ಮಾಡಿದ್ದರ ತುಂಡು ಎಂಬುದನ್ನು ಸೂಚಿಸಿದ. ನಾವೂ ಒಂದು ವಾರ ಹಾಗೆಯೇ, ಅಂಕಿಗಳ ನೆತ್ತಿಯ ಮೇಲೆ ಚಿಕ್ಕ ವೃತ್ತಗಳನ್ನು ಬರೆದೆವು. ವೃತ್ತ 1 ಇರುವ ಅಂಕಿಯನ್ನು ವೃತ್ತ 1 ಇರುವುದರೊಂದಿಗೆ ಮಾತ್ರ ಹೋಲಿಸಬೇಕು ಎಂಬುದು ಮಕ್ಕಳಿಗೆ ಹೇಳಬೇಕಾಗಿಯೇ ಬರಲಿಲ್ಲ. ವಾರ ಕಳೆದ ಮೇಲೆ ವೃತ್ತಗಳನ್ನು ಬಿಟ್ಟು ಬಿಂದುವಿಗೆ ಮರಳಿದೆವು.

ಸೊನ್ನೆಯನ್ನು ಕೊನೆಗೆ ತಂದೆ. ಹತ್ತರಲ್ಲೊಂದರ ನಾಲ್ಕು ತುಂಡುಗಳ ಪಕ್ಕ ನೂರರಲ್ಲೊಂದರ ನಲವತ್ತು ತುಂಡುಗಳನ್ನು ಪೋಣಿಸಿ ಇಟ್ಟಾಗ ಎರಡೂ ಸಮವಾಗಿ ಕೂತವು. ಈಗ 0.4ನ್ನು 0.40 ಎಂದು ಬರೆಯುವುದಕ್ಕೆ ಅರ್ಥ ಬಂತು: ನಾಲ್ಕು ದೊಡ್ಡ ತುಂಡುಗಳನ್ನು ಕೊಟ್ಟು ನಲವತ್ತು ಸಣ್ಣ ತುಂಡುಗಳನ್ನು ಪಡೆದಿದ್ದೇವೆ. ‘ಕೊನೆಯ ಸೊನ್ನೆಗೆ ಬೆಲೆಯಿಲ್ಲ’ ಎಂಬ ನನ್ನ ಹಳೆಯ ವಾಕ್ಯವನ್ನು ನಾನು ತರಗತಿಯ ಮುಂದೆಯೇ ಹಿಂತೆಗೆದುಕೊಂಡೆ. ಕೊನೆಯ ಸೊನ್ನೆಯನ್ನು ಬಿಟ್ಟರೆ ಸಂಖ್ಯೆಯ ಬೆಲೆ ಬದಲಾಗುವುದಿಲ್ಲ, ಆದರೆ ಯಾವ ತುಂಡುಗಳಲ್ಲಿ ಎಣಿಸಿದ್ದೇವೆ ಎಂಬುದು ಬದಲಾಗುತ್ತದೆ ಎಂದು ತಿದ್ದಿ ಹೇಳಿದೆ. ಹಿಂದಿನ ಮಾತು ತಪ್ಪಾಗಿತ್ತೇ ಎಂದು ಒಬ್ಬಳು ಕೇಳಿದಳು. ಅರ್ಧ ಹೇಳಿದ್ದೆ ಎಂದೆ.

ಒಂದು ತಿಂಗಳ ನಂತರ ಬೇರೆ ಸಂಖ್ಯೆಗಳಿಂದ, ಆದರೆ ಅದೇ ಮಾದರಿಯ ಹತ್ತು ಜೋಡಿಗಳಿಂದ ಮತ್ತೊಮ್ಮೆ ಪರೀಕ್ಷಿಸಿದೆ. ಜೊತೆಗೆ ಕ್ರಮದಲ್ಲಿ ಜೋಡಿಸುವ ಒಂದು ಪ್ರಶ್ನೆಯನ್ನೂ ಸೇರಿಸಿದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಪತ್ರಿಕೆ ಬಿಡಿಸಿದ ಕೂಡಲೇ ನೋಡುವುದು ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯದ ಅಂಕಿಗಳನ್ನು. ಪೂರ್ಣ ಮಟ್ಟ 1,633 ಅಡಿ, ಸಂಗ್ರಹ ಸಾಮರ್ಥ್ಯ 105.788 ಟಿಎಂಸಿ. ಈ 105.788ರ ಜೊತೆ 105.8, 105.79 ಮತ್ತು 105.08 ಸೇರಿಸಿ ಏರಿಕೆ ಕ್ರಮ ಕೇಳಿದೆ. ಬಹುಪಾಲು ಮಕ್ಕಳು 105.08, 105.788, 105.79, 105.8 ಎಂದು ಸರಿಯಾಗಿ ಬರೆದರು, ಕೆಲವರು ಅಂಚಿನಲ್ಲಿ ವೃತ್ತಗಳನ್ನು ಹಾಕಿ ಒರೆಸಿದ ಗುರುತೂ ಇತ್ತು. ಏಳು ಅಂಕದ ಹುಡುಗಿ ಎಲ್ಲವನ್ನೂ ಸರಿಮಾಡಿದ್ದಳು, ಏಕೆಂದು ಕೇಳಿದ ಪ್ರತಿ ಕಡೆಯೂ ಕಾರಣ ಕೊಟ್ಟಳು. ಮೂರು ಅಂಕದ ಗುಂಪಿನ ಇಬ್ಬರು ಮಾತ್ರ ತುಂಡುಗಳನ್ನು ಕೈಗೆ ಕೊಟ್ಟಾಗ ಸರಿ, ಕಾಗದದ ಮೇಲೆ ತಪ್ಪು ಎಂಬ ಸ್ಥಿತಿಯಲ್ಲಿಯೇ ಇದ್ದಾರೆ. ಅವರಿಬ್ಬರಿಗೂ ಎರಡಂಕಿ ಪೂರ್ಣಸಂಖ್ಯೆಗಳ ಸ್ಥಾನಬೆಲೆಯೇ ಗಟ್ಟಿಯಾಗಿಲ್ಲ ಎಂಬುದು ಈಗ ನನಗೆ ತಿಳಿದಿದೆ. ದಶಮಾಂಶವನ್ನು ಬಿಟ್ಟು ಹತ್ತರ ಕಟ್ಟುಗಳಿಂದ ಮತ್ತೆ ಆರಂಭಿಸಿದ್ದೇನೆ.

0.4 ಮತ್ತು 0.5ರ ನಡುವೆ ಬೇರೆ ಸಂಖ್ಯೆ ಇದೆಯೇ ಎಂಬ ಪ್ರಶ್ನೆಯನ್ನು ಓವರಿನ ಲೆಕ್ಕ ಹೇಳಿದ ಹುಡುಗರೇ ಎತ್ತಿದ್ದರು. ಓವರಿನಲ್ಲಿ 4.4 ಆದ ಮೇಲೆ 4.5, ನಡುವೆ ಏನೂ ಇಲ್ಲ. ತಂತಿಯ ಮೇಲೆ ಆ ಎರಡರ ನಡುವೆ ಒಂಬತ್ತು ಸಣ್ಣ ನಿಲುಗಡೆಗಳಿವೆ, ಒಂದೊಂದರ ನಡುವೆಯೂ ಮತ್ತೆ ಒಂಬತ್ತು. ಆ ಚರ್ಚೆಗೆ ಎರಡು ಪೀರಿಯಡ್ ಬೇಕಾಯಿತು, ಅದು ಇನ್ನೂ ಮುಗಿದಿಲ್ಲ.

ಈ ನಡುವೆ ಅಳತೆ ಬರೆಯುವ ಹುಡುಗಿ ಶಾಲೆಯ ಕ್ರೀಡಾ ಪುಸ್ತಕದಲ್ಲಿ ಯಾರೂ ಹೇಳದೆಯೇ ಮೂರು ಅಂಕಣಗಳನ್ನು ಗೀಚಿಕೊಂಡಿದ್ದಾಳೆ: ಮೀಟರ್, ಹತ್ತರಲ್ಲೊಂದು, ನೂರರಲ್ಲೊಂದು. ಕಳೆದ ಶನಿವಾರದ ಅಭ್ಯಾಸದಲ್ಲಿ ಐದನೇ ತರಗತಿಯ ಒಬ್ಬ ಹುಡುಗ ಜಿಗಿದಾಗ ಟೇಪು ಹಿಡಿದವನು “ಮೂರು ಮೀಟರ್ ಐದು” ಎಂದು ಕೂಗಿದ. ಅವಳು ಪೆನ್ನನ್ನು ಎತ್ತಿ ಹಿಡಿದು, “ಐದು ಸೆಂಟಿಮೀಟರ್ ಏನೋ, ಐವತ್ತೋ?” ಎಂದು ಕೇಳಿ, ಐದು ಎಂದು ಖಚಿತ ಮಾಡಿಕೊಂಡ ಮೇಲೆ ಮೂರು ಅಂಕಣಗಳಲ್ಲಿ 3, 0, 5 ಎಂದು ಬರೆದಳು.